ಹಸಿ ತೀರ್ಪು

ನಮ್ಮ ಊರಿನಲ್ಲಿ ಕೋರ್ಟು ತೀರ್ಪು ಓದಿದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ. ಗೆದ್ದ ವಕೀಲ ಸೋತವರ ಮನೆಗೆ ಹೋಗಬೇಕು. ಅವರು ಮನಸಾರೆ ಅಲ್ಲದಿದ್ದರೂ ಕೈಯಾರೆ ಬಡಿಸಿದ್ದನ್ನು ಉಂಡು, ಕೈ ತೊಳೆದು ಹೊರಗೆ ಬರಬೇಕು. ಆಗ ತೀರ್ಪು ಬೆಂದಿತು ಅನ್ನುತ್ತೇವೆ. ಅಲ್ಲಿಯವರೆಗೆ ಅದು ಹಸಿ ತೀರ್ಪು. ಹಸಿ ತೀರ್ಪನ್ನು ನೆಚ್ಚಿಕೊಂಡು ಯಾರೂ ಗೋಡೆ ಕಟ್ಟುವಂತಿಲ್ಲ, ಗೋಡೆ ಒಡೆಯುವಂತಿಲ್ಲ, ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಬಡಿಸು ಎಂದು ಸೋತವರನ್ನು ಬಲವಂತ ಮಾಡುವಂತೆಯೂ ಇಲ್ಲ. ಆ ಊಟದ ಹಕ್ಕು ಗೆದ್ದ ವಕೀಲನೊಬ್ಬನದೇ. ಅವನು ಉಣ್ಣದೆ ಸತ್ತರೆ ತೀರ್ಪೂ ಅವನ ಜೊತೆಗೇ ಮಣ್ಣಾಗುತ್ತದೆ.

ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ನಮ್ಮ ಟೈಲರು ವಕೀಲರ ಕೋಟಿಗೆ ಸೊಂಟದ ಹತ್ತಿರ ಧಾರಾಳವಾಗಿ ಬಟ್ಟೆ ಬಿಟ್ಟೇ ಹೊಲಿಯುತ್ತಾನೆ. ಸೋತ ಮನೆಯವರು ಬಹುಪಾಲು ಬೇಗನೆ ಕರೆದು ಬಡಿಸಿಬಿಡುತ್ತಾರೆ. ಹಸಿ ತೀರ್ಪು ಇರುವ ಮನೆಗೆ ಹೆಣ್ಣು ಕೊಡುವವರಿಲ್ಲ, ಅಲ್ಲಿ ಒಂದು ಮೊಳೆ ಹೊಡೆದರೂ ಅಕ್ಕಪಕ್ಕದವರು ಬಂದು ಇಣುಕುತ್ತಾರೆ. ಕೆಲವರು ಸಿಟ್ಟಿಗೆ ಬರೀ ಹಾಗಲಕಾಯಿ ಮಾಡುತ್ತಾರೆ. ಸಕ್ಕರೆ ಕಾಯಿಲೆ ಬಂದ ನಮ್ಮ ಒಬ್ಬ ವಕೀಲರು, ಎದುರು ಪಕ್ಷದವರಿಗೂ ಅದೇ ಕಾಯಿಲೆ ಇದೆಯೇ ಎಂದು ವಿಚಾರಿಸಿಕೊಂಡು ಕೇಸು ಹಿಡಿಯುತ್ತಿದ್ದರು. ಮಿಠಾಯಿ ಅಂಗಡಿಯವನೊಬ್ಬ ಕೋರ್ಟಿನ ಮೆಟ್ಟಿಲ ಮೇಲೇ ಲಾಡು ಕೊಟ್ಟು ಕೈತೊಳೆದುಕೊಳ್ಳಲು ನೋಡಿದ. ಊಟ ಮನೆಯಲ್ಲೇ ಆಗಬೇಕಪ್ಪ ಎಂದು ಜಡ್ಜರು ಅವನನ್ನು ಬುಟ್ಟಿಸಮೇತ ಹಿಂದಕ್ಕೆ ಕಳಿಸಿದರು.

ನಾನು ಶಂಭುಲಿಂಗಯ್ಯನವರನ್ನು ಮೊದಲು ನೋಡಿದ್ದೂ ಎಲೆಯ ಮುಂದೆಯೇ. ಬಾವಿಯ ಪಾಲಿಗಾಗಿ ಚಿಕ್ಕಪ್ಪನ ಜೊತೆ ನಡೆದ ಕೇಸಿನಲ್ಲಿ ನಮ್ಮಪ್ಪ ಸೋತಿದ್ದರು. ಚಿಕ್ಕಪ್ಪನ ವಕೀಲರಾಗಿ ಅವರು ನಮ್ಮ ನಡುಮನೆಯಲ್ಲಿ ಬಂದು ಕೂತರು. ಅಮ್ಮ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಬಡಿಸಿದವಳು ನಾನು, ಆಗಿನ್ನೂ ಲಂಗ ಹಾಕುವ ಹುಡುಗಿ. ಅವರು ತಲೆ ತಗ್ಗಿಸಿ, ಒಂದು ಅಗುಳೂ ಬಿಡದೆ ಉಂಡರು. ಕೈಗೆ ನೀರು ಹಾಕುವಾಗ ನಾನು, "ನಮ್ಮಪ್ಪನದು ತಪ್ಪಾ?" ಎಂದು ಕೇಳಿಬಿಟ್ಟೆ.

"ತಪ್ಪಲ್ಲ ಮಗೂ, ಸೋಲು. ಎರಡೂ ಬೇರೆ ಬೇರೆ" ಅಂದರು.

ಲಾ ಓದಿ ಮುಗಿಸಿದ ಮೇಲೆ ನಾನು ಅವರ ಆಫೀಸನ್ನೇ ಹುಡುಕಿಕೊಂಡು ಹೋಗಿ ಜೂನಿಯರಾಗಿ ಸೇರಿದ್ದು ಆ ಒಂದು ಮಾತಿಗಾಗಿ.

ಅವರಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಉಣ್ಣದ ಗಂಡನನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ತಾವೇ ನಗುತ್ತಿದ್ದರು. ಎಲ್ಲೂ ಊಟಕ್ಕೆ ಕರೆಯದ ದಿನ ನನ್ನ ಡಬ್ಬಿಯಲ್ಲಿ ಅವರಿಗೂ ಪಾಲು. ಊರಿನ ಯಾವ ಮನೆಯ ಸಾರು ತೆಳು, ಯಾವ ಮನೆಯಲ್ಲಿ ಮೊಸರಿಗೆ ನೀರು ಬೆರೆಸುತ್ತಾರೆ ಎಂದು ಬಲ್ಲ ಮನುಷ್ಯ. ಆದರೆ ಅವರ ಮೊದಲ ಕೇಸಿನ ಊಟ ಇನ್ನೂ ಆಗಿರಲಿಲ್ಲ. ಊರಿನಲ್ಲಿ ಅವರ ಹೆಸರು ನಿಂತದ್ದು ಆ ಕೇಸಿನಿಂದ. ಅವರನ್ನು ಒಳಗೊಳಗೇ ತಿಂದುಹಾಕಿದ್ದೂ ಅದೇ.

ಊರಿನ ಪಡುವಲಿಗೆ ಒಂದು ಬೆಟ್ಟವಿದೆ. ಊರವರು ಅದನ್ನು ನೀರುಬೆಟ್ಟ ಅನ್ನುತ್ತಾರೆ. ನಮಗೆ ಅದರಿಂದ ಬೇಕಾದದ್ದು ನೀರು ಮಾತ್ರ. ಊರು ಹುಟ್ಟುವುದಕ್ಕೆ ಮುಂಚಿನಿಂದಲೂ ಅಲ್ಲಿ ಇದ್ದ ಜನ ತಮ್ಮನ್ನು ಬಿಳಲರು ಎಂದು ಕರೆದುಕೊಳ್ಳುತ್ತಾರೆ. ನಾನು ಹುಟ್ಟುವ ಮೊದಲು, ಬೆಟ್ಟ ಊರಿನದು ಎಂದು ಪುರಸಭೆ ದಾವೆ ಹಾಕಿತು. ಬಿಳಲರ ಪರವಾಗಿ ನಿಲ್ಲಲು ನಮ್ಮ ವಕೀಲರಲ್ಲಿ ಒಬ್ಬರೂ ಒಪ್ಪಲಿಲ್ಲ. ಪುರಸಭೆಗಾಗಿ ವಾದಿಸಿದ ಶಂಭುಲಿಂಗಯ್ಯನವರಿಗೆ ಆಗ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲವಂತೆ. ಗೆದ್ದರು. ಮರುದಿನವೇ ಪುರಸಭೆಯವರು ಹೋಗಿ, ಬೆಟ್ಟ ಅಳೆಯಬೇಕು, ಸ್ವಲ್ಪ ದಿನ ಕೆಳಗಿರಿ ಎಂದು ಹೇಳಿ ಬಿಳಲರನ್ನು ಬೆಟ್ಟದ ಬುಡದ ತಗಡಿನ ಸಾಲುಮನೆಗಳಿಗೆ ಇಳಿಸಿದರು. ದನ ನುಗ್ಗದಿರಲಿ ಎಂದು ತಂತಿಬೇಲಿ ಬಂತು. ತೀರ್ಪು ಇನ್ನೂ ಹಸಿ ಇದೆಯಲ್ಲ, ಬೇಲಿ ಹೇಗೆ ಹಾಕುತ್ತೀರಿ ಎಂದು ವಕೀಲರ ಸಂಘದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಸಾಲುಮನೆಯಲ್ಲಿ ಹುಟ್ಟಿದ ಮಕ್ಕಳು ಮಕ್ಕಳನ್ನು ಹೆತ್ತರು.

ಶಂಭುಲಿಂಗಯ್ಯನವರು ತೀರ್ಪಿನ ವಾರದಲ್ಲೇ ಸಾಲುಮನೆಗೆ ಹೋದರು. ಬಾಗಿಲಲ್ಲಿ ನಿಂತಿದ್ದವಳು ಹೊಸದಾಗಿ ಮದುವೆಯಾಗಿದ್ದ ಬೊಳ್ಳಮ್ಮ. ಚಾಪೆ ಹಾಸಿದಳು, ಕುಡಿಯಲು ನೀರು ಕೊಟ್ಟಳು, "ಒಲೆ ಹಚ್ಚಿಲ್ಲ ಅಯ್ಯಾ" ಅಂದಳು. ಅವರು ಸಂಜೆಯವರೆಗೆ ಕಾದು ಎದ್ದು ಬಂದರು. ಅಂದಿನಿಂದ ಪ್ರತಿ ವರ್ಷ ಮಳೆ ನಿಂತ ಮೇಲೆ ಒಂದು ದಿನ ಅವರ ಕರಿಕೋಟು ಆ ದಾರಿ ಹಿಡಿಯುವುದು, ಅದು ಕಾಣುತ್ತಲೇ ಸಾಲುಮನೆಗಳ ಒಲೆಗಳೆಲ್ಲ ಆರುವುದು, ಅದೇ ಚಾಪೆ, ಅದೇ ನೀರು, ಅದೇ ಮಾತು. ಅವರು ಅಲ್ಲಿರುವಷ್ಟು ಹೊತ್ತೂ ಅಲ್ಲಿನ ಮಕ್ಕಳು ಹಸಿದಿರುತ್ತವೆ ಎಂದು ತಿಳಿದ ಮೇಲೆ ಹೆಚ್ಚು ಕೂರುವುದನ್ನು ಬಿಟ್ಟರು. ಹೋಗುವುದನ್ನು ಮಾತ್ರ ಬಿಡಲಿಲ್ಲ. ವಾಪಸು ಬಂದ ದಿನ ನನ್ನ ಡಬ್ಬಿಯನ್ನು ಮುಟ್ಟುತ್ತಿರಲಿಲ್ಲ.

"ಹಸಿವಿಲ್ಲವಾ ಸಾರ್?" ಎಂದು ಒಮ್ಮೆ ಕೇಳಿದೆ.

"ಇದೆ. ಆದರೆ ಅದು ಈ ಅನ್ನಕ್ಕಲ್ಲ ಪದ್ಮಾಕ್ಷಿ" ಅಂದರು.

ಅವರಿಗೆ ವಯಸ್ಸಾಯಿತು, ಎದೆನೋವು ಶುರುವಾಯಿತು. ಆಗ ಊರಿಗೆಲ್ಲ ಅವರ ಆರೋಗ್ಯದ ಚಿಂತೆ ಹತ್ತಿಕೊಂಡಿತು. ಪುರಸಭೆಯ ಅಧ್ಯಕ್ಷ ಧರಣೇಂದ್ರಯ್ಯನವರು ತಾವೇ ಡಾಕ್ಟರನ್ನು ಕರೆದುಕೊಂಡು ಬಂದರು, ಮೆಟ್ಟಿಲು ಹತ್ತಬೇಡಿ ಎಂದು ಕೈಮುಗಿದರು. ಬೆಟ್ಟದ ಮೇಲೆ ದೊಡ್ಡ ನೀರಿನ ಟ್ಯಾಂಕು ಕಟ್ಟಿಸಬೇಕೆನ್ನುವುದು ಅವರ ಆಸೆ. ಕೆಟ್ಟವರಲ್ಲ, ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ನಿಲ್ಲುವ ಹೆಂಗಸರ ಸಾಲು ಅವರ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಶಂಭುಲಿಂಗಯ್ಯನವರು ಕಣ್ಣುಮುಚ್ಚಿದರೆ ತೀರ್ಪು ಹೋಯಿತು, ಬೆಟ್ಟವೂ ಹೋಯಿತು. ಅತ್ತ ಸಂತೆಯಲ್ಲಿ ಬಿಳಲರು ಸಿಕ್ಕಿದರೆ, "ಇನ್ನೂ ಗಟ್ಟಿಯಾಗಿದ್ದೀಯಲ್ಲ ಅಯ್ಯಾ" ಅನ್ನುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ. ಮಳೆ ಇನ್ನೂ ಬರಲಿಲ್ಲವಲ್ಲ ಅನ್ನುತ್ತೇವಲ್ಲ, ಹಾಗೆ. ಒಂದು ಊರಿಗೆ ಊರೇ ತನ್ನ ಉಸಿರು ಎಣಿಸುತ್ತಿದೆ ಎಂದು ಗೊತ್ತಿದ್ದೂ ಅವರು ದಿನಾ ಕೋಟು ಹಾಕಿಕೊಂಡು ಕೋರ್ಟಿಗೆ ಬರುತ್ತಿದ್ದರು.

ಕೊನೆಗೆ ಧರಣೇಂದ್ರಯ್ಯನವರು ಒಂದು ಅರ್ಜಿ ಹಾಕಿಸಿದರು. ಇಷ್ಟು ವರ್ಷವೂ ವಕೀಲರು ಸೋತವರ ಮನೆಯಲ್ಲಿ, ಸೋತವರ ಕೈಯಿಂದ ನೀರು ಕುಡಿದಿದ್ದಾರೆ. ಆ ನೀರನ್ನೇ ಊಟವೆಂದು ಕೋರ್ಟು ಒಪ್ಪಬೇಕು, ತೀರ್ಪು ಬೆಂದಿದೆ ಎಂದು ಸಾರಬೇಕು. ಪುರಸಭೆಯ ಕೇಸುಗಳನ್ನೆಲ್ಲ ಆ ಹೊತ್ತಿಗೆ ನಾನೇ ನಡೆಸುತ್ತಿದ್ದೆ. ವಕಾಲತ್ತು ನನ್ನದು, ಸಾಕ್ಷಿ ನಮ್ಮ ಸೀನಿಯರು.

ವಾದಿಸುವ ಮೊದಲು ಒಂದು ಸಲ ಬೊಳ್ಳಮ್ಮನನ್ನು ನೋಡಬೇಕು ಅನ್ನಿಸಿತು. ಒಬ್ಬಳೇ ಹೋದೆ. ಅಷ್ಟು ಹೊತ್ತಿಗೆ ಅವಳು ಬಾಗಿದ ಬೆನ್ನಿನ ಅಜ್ಜಿ. ಮೊಮ್ಮಗಳು ಕೇತಿ ತುಂಬು ಬಸುರಿ. ನನ್ನನ್ನು ಕಂಡದ್ದೇ ಒಲೆಯ ಸೌದೆ ಹಿರಿದು ನೀರು ಚಿಮುಕಿಸಿದಳು. "ಇನ್ನೊಂದು ಕರಿಕೋಟು ಬಂತು ನೋಡಜ್ಜಿ" ಅಂದಳು. ಬಸುರಿ ಹೆಂಗಸು ನನ್ನಿಂದಾಗಿ ಉಪವಾಸ ಕೂರುತ್ತಾಳಲ್ಲ ಎಂದು ನನಗೆ ಕಸಿವಿಸಿಯಾಯಿತು. ಕೋಟು ಬಿಚ್ಚಿ ಹೊರಗೆ ಬೇಲಿಯ ಮೇಲೆ ಹಾಕಿ ಬಂದೆ. ಒಲೆಯೇನೂ ಮತ್ತೆ ಹತ್ತಲಿಲ್ಲ.

"ಅಜ್ಜಿ, ಒಂದೇ ಮಾತು ಕೇಳಿ ಹೋಗ್ತೀನಿ. ನೀವು ಅವರಿಗೆ ಯಾವತ್ತಾದರೂ ಬಡಿಸೋರಾ, ಇಲ್ಲವಾ?"

"ಬಡಿಸದೆ ಏನವ್ವ?" ಅಂದಳು ಬೊಳ್ಳಮ್ಮ. "ಮನೇಗೆ ಬಂದೋರಿಗೆ ಯಾರಾದ್ರೂ ಬಡಿಸದೆ ಕಳಿಸ್ತಾರಾ? ಅವನು ಮನೇಗೆ ಬರಲಿಲ್ಲವಲ್ಲ."

"ವರ್ಷ ವರ್ಷವೂ ಬರ್ತಾರಲ್ಲ?"

"ಇಲ್ಲಿಗಾ?" ಅವಳು ತಗಡಿನ ಗೋಡೆಯನ್ನು ಅಂಗೈಯಿಂದ ತಟ್ಟಿದಳು. "ಇದು ನಿಮ್ಮದು. ಕಟ್ಟಿದೋರು ನೀವು, ತಂದು ಇಳಿಸಿದೋರು ನೀವು. ನಿಮ್ಮ ಮನೇಲಿ ನಿಮಗೆ ನಾವು ಹೆಂಗೆ ಬಡಿಸೋದು? ನಮ್ಮ ಮನೆ ಮೇಲೈತೆ."

"ಇದನ್ನ ಅವರಿಗೆ ಒಂದು ದಿನವೂ ಹೇಳಲಿಲ್ಲವಲ್ಲ ಅಜ್ಜಿ?"

"ಅವನು ಯಾವಾಗ ಅಂತ ಕೇಳೋನು. ಎಲ್ಲಿ ಅಂತ ಕೇಳಿದ್ರೆ ಹೇಳ್ತಿದ್ದೆ."

ಆಮೇಲೆ ಅವಳು ಮಾತಾಡಿದ್ದು ನನ್ನ ಜೊತೆಯಲ್ಲ, ಕೇತಿಯ ಜೊತೆಯೂ ಅಲ್ಲ. ಮೇಲಿನ ಮನೆಯ ಒಲೆಗೆ ಮೂಡಲ ದಿಕ್ಕಿನ ಗಾಳಿ ಹೇಗೆ ಬರುತ್ತಿತ್ತು ಅಂದಳು. ಬಾಗಿಲಿಗೆ ಬಾಗಿದ್ದ ಹಲಸಿನ ಮರ, ಬೂದಿಯಲ್ಲಿ ಹೂತು ಸುಡುವ ಗೆಣಸು, ಅದರ ಮೇಲೆ ಸುರಿಯುವ ತುಡುವೆ ಜೇನು. ಮದುವೆಯಾಗಿ ಬಂದ ಮೇಲೆ ಆ ಒಲೆಯಲ್ಲಿ ಅವಳು ಬೇಯಿಸಿದ್ದು ಒಂದೇ ಒಂದು ಮಳೆಗಾಲ. ಕೊನೆಗೆ ನನ್ನ ಕಡೆ ತಿರುಗಿದಳು. "ನಮ್ಮಲ್ಲಿ ಬಂದ ವರ್ಷ ಸೊಸೆ ಮನೆಯೋರಿಗೆ ಮಾತ್ರ ಇಕ್ಕೋದು. ಮಾರನೇ ಮಳೆಗಾಲಕ್ಕೆ ನೆಂಟರಿಗೆ ಇಕ್ತಾಳೆ, ಆಗಲೇ ಅವಳು ಆ ಮನೆಯೋಳು. ಅಷ್ಟರಲ್ಲಿ ಇಳಿಸಿದ್ರಲ್ಲ. ನಾನು ಯಾರಿಗೂ ಇಕ್ಕಲೇ ಇಲ್ಲ ಕಣವ್ವ. ನನ್ನ ಕೈ ಹಂಗೇ ಉಳೀತು."

ಅವಳು ಕೈ ಚಾಚಿ ತೋರಿಸಿದಳು. ನಾನು ಆ ಕೈಯನ್ನು ನೋಡಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಕೇತಿ ಕೆಮ್ಮಿದಳು. ಅವಳಿಗೆ ಹಸಿವಾಗಿದೆ ಎಂದು ಆಗ ನೆನಪಾಗಿ ಎದ್ದುಬಂದೆ.

ಆಫೀಸಿಗೆ ಬಂದು ಶಂಭುಲಿಂಗಯ್ಯನವರಿಗೆ ಎಲ್ಲವನ್ನೂ ಹೇಳಿದೆ. ಈ ಅರ್ಜಿಗೆ ವಾದಿಸುವುದು ನನ್ನಿಂದಾಗದು, ವಕಾಲತ್ತು ವಾಪಸು ಕೊಡುತ್ತೇನೆ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಾಪಸು ಕೊಟ್ಟರೂ ನೀನು ಅವರ ಕಡೆ ನಿಲ್ಲೋ ಹಾಗಿಲ್ಲ, ಗೊತ್ತಲ್ಲ? ಪುರಸಭೆಯ ಗುಟ್ಟೆಲ್ಲ ತಿಳಿದವಳು ನೀನು."

"ಗೊತ್ತು ಸಾರ್."

"ಬೇರೆ ಯಾರೂ ನಿಲ್ಲೋದಿಲ್ಲ."

"ಅದೂ ಗೊತ್ತು."

ಅವರು ಕಿಟಕಿಯ ಕಡೆ ತಿರುಗಿದರು. ಅಲ್ಲಿಂದ ಬೆಟ್ಟ ಕಾಣುತ್ತದೆ. "ಹಲಸಿನ ಮರ ಅಂದಳಾ? ಬಾಗಿಲಿಗೇ?" ಎಂದು ಕೇಳಿದರು. ಹೌದು ಅಂದೆ. "ಕೇಸಿನ ಕಾಗದದಲ್ಲಿ ಅಲ್ಲಿ ಮನೆ ಇತ್ತು ಅಂತಲೇ ಇರಲಿಲ್ಲ. ಬರೀ ಗಿಡಗಂಟಿ ಅಂತ ಇತ್ತು" ಅಂದರು.

ಸುದ್ದಿ ವಕೀಲರ ಸಂಘಕ್ಕೆ ಮುಟ್ಟಿತು. ನಾನು ವಕಾಲತ್ತು ಬಿಟ್ಟದ್ದಕ್ಕೆ ಸಿಟ್ಟು ಒಂದು ಕಡೆ, ಸೀನಿಯರು ಸಾಕ್ಷಿಕಟ್ಟೆಯಲ್ಲಿ ಏನು ಹೇಳುತ್ತಾರೋ ಎಂಬ ಭಯ ಇನ್ನೊಂದು ಕಡೆ. ಸಭೆ ಸೇರಿತು. ಸಂಘದ ಅಧ್ಯಕ್ಷರು ಎದ್ದು, "ಇದು ನಮ್ಮ ಮನೆಯಲ್ಲ ಅಂತ ಸೋತವರೆಲ್ಲ ಶುರು ಮಾಡಿದರೆ ನಾವು ಯಾವ ಜನ್ಮದಲ್ಲಿ ಊಟ ಮಾಡೋದು? ಬಾಡಿಗೆ ಮನೆಯವರೆಲ್ಲ ನಾಳೆ ಬಾಗಿಲು ಹಾಕ್ಕೋತಾರೆ" ಅಂದರು. ಎಲ್ಲರೂ ಹೌದೌದು ಅಂದರು. ಶಂಭುಲಿಂಗಯ್ಯನವರು ಕೂತಲ್ಲಿಂದಲೇ, "ಬಾಡಿಗೆ ಮನೆಗೆ ಅವರೇ ಹುಡುಕಿಕೊಂಡು ಹೋಗಿರ್ತಾರೆ ಸ್ವಾಮಿ. ಇವರನ್ನ ನಾವು ಹಾಕಿದ್ದು" ಅಂದರು. ಆಮೇಲೆ ಎದ್ದುನಿಂತು, "ಆವತ್ತು ಅವರ ಪರವಾಗಿ ಒಬ್ಬರಾದರೂ ನಿಂತಿದ್ದರೆ ನಾನು ಸೋಲ್ತಿದ್ದೆ. ನನಗೆ ಗೊತ್ತಿತ್ತು, ನಿಮ್ಮ ತಂದೆಯವರಿಗೂ ಗೊತ್ತಿತ್ತು. ಇವತ್ತಾದರೂ ಯಾರಾದರೂ ನಿಲ್ಲಿ" ಎಂದು ಸುತ್ತ ನೋಡಿದರು. ಯಾರೂ ಏಳಲಿಲ್ಲ.

ವಿಚಾರಣೆಯ ದಿನ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುರಸಭೆಗೆ ಬೇರೆ ವಕೀಲರು ಬಂದಿದ್ದರು. ಬೊಳ್ಳಮ್ಮ ಮತ್ತು ಕೇತಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು, ಮುಂದೆ ಅವರ ಪರದ ವಕೀಲರ ಕುರ್ಚಿ ಖಾಲಿ. ನಾನು ಕೋಟಿಲ್ಲದೆ, ಜನರ ನಡುವೆ ಗೋಡೆಗೊರಗಿ ನಿಂತೆ. ಶಂಭುಲಿಂಗಯ್ಯನವರನ್ನು ಕಟ್ಟೆಗೆ ಕರೆದರು. ಕೂತೇ ಹೇಳಿ ಎಂದು ಜಡ್ಜರು ಅಂದರೂ ಕೇಳದೆ ಅವರು ಕಟಕಟೆ ಹಿಡಿದು ನಿಂತರು.

"ಬೊಳ್ಳಮ್ಮನವರು ನಿಮಗೆ ಪ್ರತಿ ವರ್ಷ ನೀರು ಕೊಟ್ಟಿದ್ದು ನಿಜ ತಾನೆ?"

"ನಿಜ."

"ಕುಡಿದಿರಿ?"

"ಕುಡಿದೆ. ತಣ್ಣಗೆ ಇರ್ತಿತ್ತು."

"ಅಂದರೆ ಸೋತವರ ಮನೆಯಲ್ಲಿ, ಸೋತವರ ಕೈಯಿಂದ ನೀವು ಸ್ವೀಕರಿಸಿದ್ದೀರಿ."

"ಕೈಯಿಂದ ಹೌದು. ಮನೆಯಲ್ಲಿ ಅಲ್ಲ."

ಕೋರ್ಟು ಗುಜುಗುಜು ಅಂದಿತು. ಪುರಸಭೆಯ ವಕೀಲರು ನಕ್ಕು, "ಹಾಗಾದರೆ ಯಾರ ಮನೆಯಲ್ಲಿ ಸಾರ್?" ಎಂದು ಕೇಳಿದರು.

"ನನ್ನ ಮನೆಯಲ್ಲಿ" ಅಂದರು ಶಂಭುಲಿಂಗಯ್ಯನವರು. "ನಾನು ಗೆದ್ದದ್ದರಿಂದ ಆದ ಮನೆ ಅದು. ಇಷ್ಟು ವರ್ಷ ನಾನು ನನ್ನ ಮನೆಯಲ್ಲೇ ಹೋಗಿ ಕೂತು ಬಡಿಸಿ ಬಡಿಸಿ ಅಂತ ಅವರನ್ನ ಕೇಳ್ತಿದ್ದೆ. ಅವರ ಮನೆಯನ್ನ ನಾನು ಕಣ್ಣಲ್ಲಿ ಕಂಡಿಲ್ಲ ಮಹಾಸ್ವಾಮಿ. ಅದರ ಬಾಗಿಲಿಗೆ ಒಂದು ಹಲಸಿನ ಮರ ಇದೆಯಂತೆ."

ಜಡ್ಜರು ಬರೆಯುವುದನ್ನು ನಿಲ್ಲಿಸಿ ಬೊಳ್ಳಮ್ಮನ ಕಡೆ ನೋಡಿದರು. "ನಿಮ್ಮ ಮನೆ ಎಲ್ಲಿದೆ ತಾಯಿ?" ಅಂದರು. ಆ ಪ್ರಶ್ನೆಯನ್ನು ಆ ಕೋಣೆಯಲ್ಲಿ ಯಾರೂ ಎಂದೂ ಅವಳನ್ನು ಕೇಳಿರಲಿಲ್ಲ. ಅವಳು ಮೊದಲು ಕೇತಿಯ ಮುಖ ನೋಡಿದಳು, ತನ್ನನ್ನೇ ಕೇಳುತ್ತಿದ್ದಾರೋ ಎನ್ನುವ ಹಾಗೆ. ಆಮೇಲೆ ಎದ್ದು, ಕಿಟಕಿಯವರೆಗೂ ಜನರನ್ನು ಸರಿಸಿಕೊಂಡು ನಡೆದು ಹೋಗಿ, ಬೆಟ್ಟದ ಕಡೆ ಕೈ ತೋರಿಸಿ ನಿಂತಳು. ಇಳಿಸಿ ಎಂದು ಯಾರೋ ಹೇಳುವವರೆಗೂ ಆ ಕೈ ಇಳಿಸಲಿಲ್ಲ.

ಅರ್ಜಿಯ ಮೇಲಿನ ಆದೇಶ ಅದೇ ವಾರ ಬಂತು. ಅದು ತೀರ್ಪಲ್ಲ, ಅದಕ್ಕೆ ಊಟ ಬೇಕಿಲ್ಲ. ನೀರು ಊಟವಲ್ಲ, ಸಾಲುಮನೆ ಸೋತವರ ಮನೆಯಲ್ಲ. ಊಟ ಸೋತವರ ಮನೆಯಲ್ಲಿ ಆಗಬೇಕು ಅಂದ ಮೇಲೆ ಸೋತವರು ತಮ್ಮ ಮನೆಯಲ್ಲಿ ಇರಬೇಕು. ಆದ್ದರಿಂದ ಬೇಲಿ ತೆಗೆಯಬೇಕು, ಬಿಳಲರು ಮೇಲೆ ಹೋಗಬೇಕು. ಬಡಿಸುವುದು ಬಿಡುವುದು ಅವರ ಇಷ್ಟ. ಧರಣೇಂದ್ರಯ್ಯನವರು ಕೂತಲ್ಲೇ, "ಮೇಲೆ ಹೋದ ಮೇಲೆ ಅವರು ಯಾಕೆ ಬಡಿಸ್ತಾರೆ ಸ್ವಾಮಿ?" ಎಂದು ಕೂಗಿದರು. "ಅದು ಅಡುಗೆ ಮಾಡುವವರಿಗೆ ಬಿಟ್ಟದ್ದು" ಎಂದು ಜಡ್ಜರು ಎದ್ದುಹೋದರು.

ಹೊರಗೆ ಮೆಟ್ಟಿಲ ಮೇಲೆ ಶಂಭುಲಿಂಗಯ್ಯನವರು ಕೂತುಬಿಟ್ಟರು. ಎದೆನೋವೇ ಎಂದು ನಾನು ಹೆದರಿ ಹತ್ತಿರ ಹೋದೆ. "ಅಲ್ಲ" ಅಂದರು. "ನನ್ನ ಊಟ ಹೋಯಿತಲ್ಲ ಪದ್ಮಾಕ್ಷಿ." ನನಗೂ ಅದು ಆಗಲೇ ಹೊಳೆದದ್ದು. ಸ್ವಂತ ಮನೆಗೆ ಹೋದ ಮೇಲೆ ಬಿಳಲರು ಒಂದು ತುತ್ತು ಅವರ ಕೈಗೆ ಹಾಕಿದರೂ ಹಳೆಯ ತೀರ್ಪು ಬೇಯುತ್ತದೆ, ಬೆಟ್ಟ ಮತ್ತೆ ಊರಿನದಾಗುತ್ತದೆ. ಇಷ್ಟು ದಿನ ಬಡಿಸುವುದಿಲ್ಲ ಅನ್ನುವುದು ಅವರ ಹಟವಾಗಿತ್ತು. ಇನ್ನು ಮೇಲೆ ಬಡಿಸಬೇಕೆಂದರೂ ಬಡಿಸುವ ಹಾಗಿಲ್ಲ. ಶಂಭುಲಿಂಗಯ್ಯನವರು ಕೋಟಿನ ಧೂಳು ಕೊಡವಿ ಎದ್ದರು. ಅಳುತ್ತಾರೆ ಅಂದುಕೊಂಡಿದ್ದೆ, ಅಳಲಿಲ್ಲ. "ಹೋಟೆಲಿಗೆ ಹೋಗಿ ಒಂದು ಕಾಫಿ ಕುಡಿಯೋಣ ನಡಿ" ಅಂದರು.

ಬಿಳಲರು ಮೇಲೆ ಹೋದರು. ಡೋಲಿಲ್ಲ, ಕುಣಿತವಿಲ್ಲ. ಬೆಟ್ಟದ ತುಂಬ ಲಂಟಾನ ಹಬ್ಬಿ ಮನೆಗಳ ಜಾಗವೇ ಗುರುತು ಸಿಗುತ್ತಿರಲಿಲ್ಲವಂತೆ. ಹಲಸಿನ ಮರ ಬಿದ್ದು ಗೆದ್ದಲು ಹಿಡಿದಿತ್ತು. ಹಳೆಯ ಒಲೆಯ ಕಲ್ಲುಗಳನ್ನು ಬೊಳ್ಳಮ್ಮ ಮೊಣಕಾಲೂರಿ ಹುಡುಕಿದಳು, ಎರಡು ಸಿಕ್ಕಿದವು, ಮೂರನೆಯದಕ್ಕೆ ಬೇರೆ ಕಲ್ಲು ಇಟ್ಟರು. ಇದೆಲ್ಲ ಸಂತೆಯಲ್ಲಿ ಕೇಳಿದ ಸುದ್ದಿ. ಊರಿನಲ್ಲಿ ಬಿಂದಿಗೆಯ ಸಾಲು ಹಾಗೇ ಇತ್ತು. ಧರಣೇಂದ್ರಯ್ಯನವರು ಒಂದು ದಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬೆಟ್ಟ ಹತ್ತಿ, ನೀರಿನ ಮಾತು ಬಿಳಲರ ಹತ್ತಿರವೇ ಆಡಿ ಬಂದರು. ಅವರು ಯೋಚಿಸಿ ಹೇಳ್ತೀವಿ ಅಂದಿದ್ದಾರಂತೆ. ನನಗೆ ಪುರಸಭೆಯ ಕೇಸುಗಳು ಹೋದವು, ಸಂಘದಲ್ಲಿ ಮಾತಾಡಿಸುವವರೂ ಕಡಿಮೆಯಾದರು. ಶಂಭುಲಿಂಗಯ್ಯನವರು ಕೋರ್ಟಿಗೆ ಬರುವುದನ್ನು ಬಿಟ್ಟು, ಆಫೀಸಿನ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡರು.

ಮಳೆ ನಿಂತಿತು. ಅವರು ಪ್ರತಿ ವರ್ಷ ಸಾಲುಮನೆಗೆ ಹೋಗುತ್ತಿದ್ದ ಕಾಲ. ಅವರು ಚಡಪಡಿಸುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಒಂದು ಬೆಳಿಗ್ಗೆ ಕೋಟಿಲ್ಲದೆ, ಬಿಳಿ ಶರಟಿನಲ್ಲಿ ಬಂದು, "ಕರೆಯದೆ ಹೋದರೆ ತಪ್ಪಾ?" ಅಂದರು. ಜೀಪು ಹೋಗುವಲ್ಲಿಯವರೆಗೆ ಜೀಪಿನಲ್ಲಿ, ಅಲ್ಲಿಂದ ನನ್ನ ಹೆಗಲು ಹಿಡಿದು, ನಿಂತು ನಿಂತು ಹತ್ತಿದರು.

ನಾವು ಹೋದಾಗ ಬೊಳ್ಳಮ್ಮನ ಮನೆಯವರು ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಕೇತಿ ನಮ್ಮನ್ನು ನೋಡಿದಳು. ಎದ್ದು ಒಲೆ ಆರಿಸುತ್ತಾಳೆ ಅಂದುಕೊಂಡೆ. ಅವಳು ಕಂಕುಳಿನ ಮಗುವನ್ನು ಇಳಿಸಿ, ನೇರ ಬಂದು ಶಂಭುಲಿಂಗಯ್ಯನವರ ಕೈಗೆ ಹಾಕಿ, "ಸ್ವಲ್ಪ ಹಿಡ್ಕೊ ಅಯ್ಯಾ, ಉಂಡು ಬರ್ತೀನಿ" ಎಂದು ವಾಪಸು ಹೋಗಿ ಎಲೆಯ ಮುಂದೆ ಕೂತಳು. ಅವರು ಮಗು ಎತ್ತಿ ಅಭ್ಯಾಸವಿಲ್ಲದವರು. ಎರಡೂ ಕೈಯಲ್ಲಿ ಅದನ್ನು ಹಿಡಿದು, ಅಲ್ಲಿದ್ದ ಕಲ್ಲಿನ ಮೇಲೆ ಮೆಲ್ಲಗೆ ಕೂತರು. ಎಲ್ಲರೂ ನಮ್ಮ ಎದುರಿಗೆ ಉಂಡರು. ಬಿಸಿ ಗೆಣಸಿನ ಸಿಪ್ಪೆ ಸುಲಿದು ಊದಿ ಊದಿ ತಿಂದರು, ಬೆರಳು ಚೀಪಿದರು, ಇನ್ನೊಂದು ಹಾಕು ಎಂದು ಕೇಳಿ ಹಾಕಿಸಿಕೊಂಡರು. ನಮ್ಮನ್ನು ಯಾರೂ ಬನ್ನಿ ಅನ್ನಲಿಲ್ಲ. ಜೇನಿನ ವಾಸನೆ ಅಂಗಳದ ತುಂಬ ಇತ್ತು. ಶಂಭುಲಿಂಗಯ್ಯನವರು ಮಗುವಿನ ನೆತ್ತಿಯ ಮೇಲಿಂದ ಅವರು ಉಣ್ಣುವುದನ್ನೇ ನೋಡುತ್ತಿದ್ದರು.

ಬೊಳ್ಳಮ್ಮ ಕೈ ತೊಳೆದು ಬಂದು ಅವರ ಎದುರಿಗೆ ಕೂತಳು.

"ಇದು ನಮ್ಮ ಮನೆ ಅಯ್ಯಾ."

"ಚೆನ್ನಾಗಿದೆ ತಾಯಿ."

"ಮನೇಗೆ ಬಂದಿದ್ದೀಯ. ಇಕ್ಕೋ ಹಂಗಿಲ್ಲ." ಅವಳು ಒಲೆಯ ಕಡೆ ನೋಡಿದಳು. "ಮೊದಲನೇ ನೆಂಟ ನೀನು. ನಿನಗೇ ಇಕ್ಕೋ ಹಂಗಿಲ್ಲ."

"ಬೇಡಮ್ಮ. ನೀವು ಉಂಡಿರಲ್ಲ. ಸಾಕು."

"ಸಾಕಾಗಲ್ಲ" ಅಂದಳು ಅವಳು, ಸಿಟ್ಟಿನಲ್ಲಿ ಅನ್ನುವ ಹಾಗೆ. ಬೆರಳಿನಿಂದ ನೆಲ ಕೆದಕಿದಳು. "ನಮ್ಮಲ್ಲಿ ಸತ್ತೋರಿಗೆ ಎಡೆ ಇಕ್ತೀವಿ. ಮನೆಯೋರಿಗೆ ಮಾತ್ರ. ನೀನು ಹೋದ್ಮೇಲೆ ತೀರ್ಪೂ ಹೋಯ್ತದಲ್ಲ. ಆವಾಗ ಇಕ್ಕಿದ್ರೆ ಯಾರು ಏನಂತಾರೆ? ಬಂದು ಉಣ್ಣು."

ಶಂಭುಲಿಂಗಯ್ಯನವರು ಒಪ್ಪಿ ತಲೆ ಆಡಿಸಿದರು. ಮಗು ಅವರ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಕಾಲು ಜೋಮು ಹಿಡಿದರೂ ಅವರು ಕದಲಲಿಲ್ಲ. ಕೇತಿ ಬಂದು ಮಗುವನ್ನು ಎತ್ತಿಕೊಳ್ಳುವವರೆಗೆ, ಬಿಸಿಲು ಅಂಗಳದಿಂದ ಸರಿದು ಹೋಗುವವರೆಗೆ ನಾವು ಅಲ್ಲೇ ಕೂತಿದ್ದೆವು. ಇಳಿಯುವಾಗ ಅವರು ದಾರಿಯುದ್ದಕ್ಕೂ ಒಂದೇ ಮಾತು ಆಡಿದರು. "ನೋಡಿದೆಯಾ, ಹೇಗೆ ಉಂಡರು" ಅಂದರು.

ಅವರು ಮಾಗಿಯ ಚಳಿಯಲ್ಲಿ ಹೋದರು, ಕಿಟಕಿಯ ಪಕ್ಕದ ಕುರ್ಚಿಯಲ್ಲೇ. ಮಣ್ಣಿಗೆ ವಕೀಲರ ಸಂಘದವರೆಲ್ಲ ಬಂದರು. ಧರಣೇಂದ್ರಯ್ಯನವರು ಹಾರ ತಂದರು. ಸಂಜೆ ಕೋರ್ಟಿನ ಬೋರ್ಡಿನಲ್ಲಿ ಹಳೆಯ ತೀರ್ಪು ಮುಗಿಯಿತೆಂದು ಚೀಟಿ ಅಂಟಿಸಿದರು. ಬೆಟ್ಟ ಬಿಳಲರದಾಯಿತು.

ಕೆಲವು ದಿನ ಕಳೆದು ನಾನು ಆಫೀಸಿನಲ್ಲಿ ಒಬ್ಬಳೇ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಬಾಗಿಲಲ್ಲಿ ಕೇತಿ ನಿಂತಿದ್ದಳು, ಬೆನ್ನಿಗೆ ಮಗು ಕಟ್ಟಿಕೊಂಡು. ಪೇಟೆಯ ಬೀದಿಯೊಳಗೆ ಅವಳು ಬಂದದ್ದನ್ನು ನಾನು ಕೋರ್ಟಿನ ದಿನ ಬಿಟ್ಟರೆ ಕಂಡಿರಲಿಲ್ಲ. ಒಳಗೆ ಬಾ ಅಂದೆ. ಬರಲಿಲ್ಲ, ಹೊಸ್ತಿಲಾಚೆಯೇ ನಿಂತು ಖಾಲಿ ಕುರ್ಚಿಯನ್ನು ನೋಡಿದಳು.

"ಅಜ್ಜಿ ಕಳಿಸಿದ್ಲು, ಒಂದು ಮಾತು ಕೇಳ್ಕೊಂಡು ಬಾ ಅಂತ. ಅವರ ಜೊತೆ ದಿನಾ ಉಣ್ತಿದ್ದೋಳು ನೀನೇ ಅಂತಲ್ಲ."

"ಕೇಳು."

"ಅಯ್ಯಂಗೆ ಖಾರ ಆಯ್ತಿತ್ತಾ?"

ಡಬ್ಬಿಯ ಮುಚ್ಚಳವನ್ನು ಮುಚ್ಚಿದೆ, ಮತ್ತೆ ತೆರೆದೆ.

"ಆಗ್ತಿರಲಿಲ್ಲ" ಅಂದೆ. "ಕಣ್ಣಲ್ಲಿ ನೀರು ಬರೋದು, ಮೂಗು ಕೆಂಪಾಗೋದು. ಆದರೆ ಬಿಡ್ತಿರಲಿಲ್ಲ. ಒರೆಸಿಕೊಂಡು ಇನ್ನೊಂದು ಚೂರು ಹಾಕು ಅನ್ನೋರು."

ಕೇತಿ ಅದನ್ನು ಮನಸ್ಸಿನಲ್ಲಿ ತೂಗಿ ನೋಡಿದಳು. "ಹಂಗಾದ್ರೆ ಹಾಕ್ತೀವಿ" ಎಂದು ಬೆನ್ನ ಮೇಲಿನ ಮಗುವನ್ನು ಸರಿಮಾಡಿಕೊಂಡು ಬೀದಿಗಿಳಿದಳು.